ಗಂಜಿಯ ಪಕ್ಕದ ಗುಳಿಗೆ

ಹಾಪಸಾಲ್ಮಿ, ಫಿನ್ಲೆಂಡ್
20 ಸೆಪ್ಟೆಂಬರ್ 1998, ಭಾನುವಾರ

ಔತಿ ಮಗಳೇ,

ಫೋನ್ ಮಾಡಬೇಡ, ಬರಿ ಎಂದೆ ನೀನು. ಸರಿ, ಬರೆಯುತ್ತಿದ್ದೇನೆ. ಫೋನಿನ ಹತ್ತಿರ ಹೋಗಿ ನಿಂತು ಹಾಗೇ ವಾಪಸ್ ಬಂದೆ, ಅದನ್ನೂ ಹೇಳಿಬಿಡುತ್ತೇನೆ. ಫೋನಿನಲ್ಲಿ ನನ್ನ ಉಸಿರು ಕೇಳಿಸಿದರೇ ನಿನಗೆ ಎದೆ ಡವಗುಟ್ಟುತ್ತದೆ ಎಂದೆಯಲ್ಲ, ಆ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಹೋಗಲಿ ಬಿಡು. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಶಾಲೆ ಬಿಡಿಸಿ ಹಸು ಕಾಯಲು ಕಳಿಸಿದವರು ನನಗೆ ಕಾಗದ ಬರೆಯುವುದನ್ನು ಕಲಿಸಲಿಲ್ಲ.

ಮೊದಲಿಗೆ ನಿನ್ನ ಸೈಕಲ್ಲಿನ ಹಿಂದಿನ ದೀಪ. ಹಾಕಿಸಿದೆಯೋ ಇಲ್ಲವೋ? ಗೋಥೆನ್‌ಬರ್ಗಿನಲ್ಲಿ ಟ್ರಾಮ್ ಹಳಿಯೊಳಗೆ ಚಕ್ರ ಸಿಕ್ಕಿಕೊಳ್ಳುತ್ತದಂತೆ. ಪಕ್ಕದ ಮನೆ ಲೆಂಪಿಯ ಸೋದರಳಿಯ ಹಾಗೇ ಬಿದ್ದು ಹಲ್ಲು ಕಳೆದುಕೊಂಡ. ಆಮೇಲೆ ನಮ್ಮ ಹೊಗೆಕೊಳವೆ. ಬಿರುಕು ಬಿಟ್ಟಿದೆ ಎಂದು ನನಗೆ ಅನುಮಾನ. ನಿನ್ನಪ್ಪ ಮಾಡು ಹತ್ತಿ ನೋಡಿ ಏನೂ ಇಲ್ಲ ಎಂದ. ಅವನು ಹತ್ತಿದ್ದೇ ತಪ್ಪು, ಬಿದ್ದಿದ್ದರೆ? ಈ ವರ್ಷ ಅಣಬೆಯೂ ಸರಿಯಿಲ್ಲ, ಕಹಿ. ಕೆರೆಯ ನೀರಿಗೆ ಏನೋ ಆಗಿದೆ.

ಅಸಲು ವಿಷಯ ಅಪ್ಪನದು. ಜಲಸಂಧಿಗೆ ಸೇತುವೆ ಕಟ್ಟಿ ಕಡವಿನ ದೋಣಿ ನಿಲ್ಲಿಸಿದ ಮೇಲೆ ಅವನು ಅವನಾಗಿಲ್ಲ. ಆ ದೋಣಿಯ ಮೇಲೆ ಕಾರು ಲಾರಿ ದಾಟಿಸುತ್ತ, ಊರಿನವರಿಗೆಲ್ಲ ಒಂದೊಂದು ಚುಚ್ಚುಮಾತು ಹೇಳುತ್ತ ಇದ್ದ ಮನುಷ್ಯ. ಈಗ ರಸ್ತೆ ಇಲಾಖೆಯ ಡಿಪೋದಲ್ಲಿ ಹಿಮ ಬಾಚುವ ಸಲಿಕೆಗಳಿಗೆ ಹಿಡಿ ಹಾಕುತ್ತಾನೆ. ಸಂಜೆ ಬಂದು ಕಿಟಕಿಯ ಹತ್ತಿರ ಕೂರುತ್ತಾನೆ. ಕಿಟಕಿಯಿಂದ ಸೇತುವೆ ಕಾಣುತ್ತದೆ, ಅದು ಬೇರೆ.

ಮೊನ್ನೆ ಕೇಳಿದೆ, "ಏನಾಗಿದೆ ನಿಂಗೆ?"

"ಏನಾಗ್ಬೇಕು?"

"ಬಾಯಲ್ಲಿ ಮಾತೇ ಇಲ್ವಲ್ಲ."

"ನೀನು ಆಡ್ತಿದೀಯಲ್ಲ ಮುದುಕಿ, ಇಬ್ರಿಗೂ ಸಾಕಾಗತ್ತೆ."

ಶನಿವಾರ ಸಂಜೆ ಸೌನಾದಲ್ಲಿ ಮಾತ್ರ ಬಾಯಿ ಬಿಡುತ್ತಾನೆ. ಒಲೆಯ ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಹಾಕಿ, ಹಬೆ ಏಳುವಾಗ, ಆ ಕತ್ತಲಲ್ಲಿ ನಾಲ್ಕು ಮಾತು ಬರುತ್ತವೆ. ಅವನು ಹುಟ್ಟಿದ್ದೇ ಆ ಸೌನಾದಲ್ಲಿ, ಅದಕ್ಕೇ ಇರಬೇಕು. ಹೋದ ವಾರ ಹೇಳಿದ್ದೇನು ಗೊತ್ತೇ? "ಬೆಳಿಗ್ಗೆ ಎದ್ದು ಬೂಟು ಹಾಕ್ಕೊಳೋದೇ ಒಂದು ಗುಡ್ಡ ಹತ್ತಿದ ಹಾಗೆ ಹೆಲ್ಲೆವಿ." ಅಷ್ಟೇ. ಆಮೇಲೆ ಇನ್ನೊಂದು ಸೌಟು ಹಾಕಿದ.

ನಿನಗೆ ಏನಾದರೂ ಹೇಳುತ್ತಾನೆಯೇ? ಹೇಳಿದ್ದರೆ ನನಗೆ ಬರಿ. ಅವನು ಅಪ್ಪಿತಪ್ಪಿ ಏನಾದರೂ ಮಾಡಿಕೊಂಡರೆ ನಾನು ಬದುಕುವುದಿಲ್ಲ.

ದೀಪ ಹಾಕಿಸು.

ಅಮ್ಮ


ಗೋಥೆನ್‌ಬರ್ಗ್
4 ಅಕ್ಟೋಬರ್ 1998

ಅಪ್ಪಾ,

ಇದನ್ನು ಡಿಪೋ ವಿಳಾಸಕ್ಕೆ ಹಾಕುತ್ತಿದ್ದೇನೆ, ನೀನು ಹೇಳಿದ ಹಾಗೆ. ಡಾಕ್ಟರ ಹತ್ತಿರ ಹೋಗಿಬಂದೆ ಎಂದು ನೀನು ಫೋನಿನಲ್ಲಿ ಹೇಳಿದಾಗ ನಾನು ಇಲ್ಲಿ ಲಾಂಡ್ರಿಯಲ್ಲಿ ಒದ್ದೆ ಬಟ್ಟೆಗಳ ಗುಡ್ಡೆಯ ಮೇಲೇ ಕೂತುಬಿಟ್ಟೆ. ಮೇಲ್ವಿಚಾರಕಿ ಬೈದಳು. ಬೈಯಲಿ. ನೀನು ಹೋಗುತ್ತೀಯ ಎಂದು ನಾನು ನಂಬಿರಲಿಲ್ಲ.

ಹೋದ ವರ್ಷ ನಾನು ತಿಂದದ್ದೂ ಇದೇ ಮಾತ್ರೆ. ಮೊದಲು ಹೊಟ್ಟೆ ತೊಳಸುತ್ತದೆ, ನಿದ್ದೆ ಕೆಡುತ್ತದೆ, ಇದರಿಂದ ಏನೂ ಉಪಯೋಗವಿಲ್ಲ ಅನ್ನಿಸುತ್ತದೆ. ಬಿಡಬೇಡ. ಒಂದು ದಿನ ಬೆಳಿಗ್ಗೆ ಬೂಟು ಬರಿ ಬೂಟಾಗಿರುತ್ತದೆ. ನನಗೆ ಹಾಗೇ ಆಯಿತು. ಡಬ್ಬದೊಳಗೆ ಒಂದು ಮಡಿಸಿದ ಚೀಟಿ ಇರುತ್ತದೆ, ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದು.

ಅಮ್ಮನಿಗೆ ಹೇಳು ಎನ್ನುವುದು ನನ್ನ ಮಾತು. ಅವಳಿಗೆ ಗೊತ್ತಾದರೆ ಬಂದೂಕು ಬಚ್ಚಿಟ್ಟು, ಹಗ್ಗ ಎಲ್ಲ ಸುಟ್ಟು, ಪಾಯಿಖಾನೆಗೂ ಹಿಂದೆ ಬರುತ್ತಾಳೆ ಎನ್ನುವುದು ನಿನ್ನ ಮಾತು. ಇಬ್ಬರದೂ ನಿಜ. ನನ್ನ ವಿಷಯವನ್ನೂ ಅವಳಿಗೆ ನಾನು ಹೇಳಿರಲಿಲ್ಲವಲ್ಲ, ನಿನಗೆ ಬೋಧಿಸಲು ನಾನು ಯಾರು. ನೀನು ಹೇಳುವವರೆಗೆ ನನ್ನ ಬಾಯಿಂದ ಬರುವುದಿಲ್ಲ. ಭಾಷೆ.

ನಿನ್ನ
ಔತಿ


ಗೋಥೆನ್‌ಬರ್ಗ್
11 ಅಕ್ಟೋಬರ್ 1998

ಅಮ್ಮಾ,

ದೀಪ ಹಾಕಿಸಿದೆ. ಟ್ರಾಮ್ ಹಳಿ ಇರುವ ಕಡೆ ಇಳಿದು ತಳ್ಳಿಕೊಂಡು ಹೋಗುತ್ತೇನೆ. ಹೊಗೆಕೊಳವೆ ಗುಡಿಸುವವನು ಹೇಗೂ ವರ್ಷಕ್ಕೊಮ್ಮೆ ಬರುತ್ತಾನೆ, ಅವನಿಗೆ ತೋರಿಸು.

ಅಪ್ಪ ನನಗೆ ಏನೂ ಹೇಳಿಲ್ಲ. ಅವನಿಗೆ ಸ್ವಲ್ಪ ಸಮಯ ಕೊಡು. ಕಿಟಕಿಯ ಹತ್ತಿರ ಕೂತವನನ್ನು ಏನಾಯಿತು ಏನಾಯಿತು ಎಂದು ಕೇಳುತ್ತಿರಬೇಡ. ಎಲ್ಲದಕ್ಕೂ ಒಂದೇ ಅಳತೆಯಲ್ಲಿ ಹೆದರಿದರೆ ಯಾವುದಕ್ಕೆ ಹೆದರಬೇಕೋ ಅದು ಗೊತ್ತಾಗುವುದಿಲ್ಲ, ಅಮ್ಮ.

ಔತಿ


ಹಾಪಸಾಲ್ಮಿ
8 ನವೆಂಬರ್ 1998, ಅಪ್ಪಂದಿರ ದಿನ

ಔತಿ ಮಗಳೇ,

ನಿನ್ನ ಕಾರ್ಡು ಸರಿಯಾದ ದಿನಕ್ಕೆ ಬಂತು. ಬೆಳಿಗ್ಗೆ ಅಪ್ಪನಿಗೆ ಹಾಸಿಗೆಗೇ ಕಾಫಿ, ಕೇಕು, ನಿನ್ನ ಕಾರ್ಡು ಕೊಟ್ಟೆ. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ದಿಂಬಿನ ಕೆಳಗೆ ಇಟ್ಟುಕೊಂಡ.

ಜಲಸಂಧಿ ಅಂಚಿನಲ್ಲಿ ಹೆಪ್ಪುಗಟ್ಟುತ್ತಿದೆ. ಈ ವರ್ಷ ಯಾರೋ ಒಬ್ಬರು ಮಂಜುಗಡ್ಡೆ ಒಡೆದು ನೀರಿಗೆ ಬೀಳುತ್ತಾರೆ, ನೋಡುತ್ತಿರು. ಕೊಳವೆ ಗುಡಿಸುವವನು ಬಂದು ಬಿರುಕಿಲ್ಲ ಎಂದ, ಆದರೆ ಅವನು ಸರಿಯಾಗಿ ನೋಡಲೇ ಇಲ್ಲ. ಹೆದ್ದಾರಿಯಲ್ಲಿ ಕಡವೆ ಅಡ್ಡ ಬಂದು ಬಸ್ಸಿನ ಗಾಜು ಪುಡಿಯಾಯಿತು. ನೀನು ಕ್ರಿಸ್ಮಸ್ಸಿಗೆ ಬರುವಾಗ ಡ್ರೈವರನ ಹಿಂದೆ ಕೂರಬೇಡ, ಮಧ್ಯದಲ್ಲಿ ಕೂರು. ನನ್ನ ಎಡಗೈ ಬೆರಳು ಜುಮ್ಮೆನ್ನುತ್ತದೆ, ಅದೇನೋ ಗೊತ್ತಿಲ್ಲ. ನಿನಗೆ ಉಣ್ಣೆ ಕಾಲುಚೀಲ ಕಳಿಸಿದ್ದೆ, ತಲುಪಿತೇ? ಅಂಚೆಯವರು ಕದಿಯುತ್ತಾರಂತೆ. ಲೆಂಪಿ ಅಗ್ಗದ ಸಾಮಾನಿಗೆಂದು ಹಡಗಿನಲ್ಲಿ ಸಮುದ್ರ ದಾಟಿ ತಾಲಿನ್‌ಗೆ ಹೋಗಿ ಬಂದಳು, ಪೂರ್ತಿ ಬಸ್ಸಿನವರು ಹೋಗಿದ್ದರು, ಬೆಣ್ಣೆ, ಬಿಯರು, ಮೇಜಿನ ಬಟ್ಟೆ ಎಲ್ಲ ಹೊತ್ತು ತಂದರು. ಅಪ್ಪನಿಗೆ ಎಂದು ಒಂದು ಡಬ್ಬ ಗುಳಿಗೆ ತಂದುಕೊಟ್ಟಿದ್ದಾಳೆ. ಔಷಧಿ ಅಲ್ಲ. ಅಮೈನೋ ಆಮ್ಲ ಅಂತೆ, ಟ್ರಿಪ್ಟೊಫಾನ್ ಎಂದು ಬರೆದಿದೆ, ಹಾಲಿನಲ್ಲೂ ಓಟ್ಸಿನಲ್ಲೂ ಇರುವುದೇ ಅಂತೆ. ಮನಸ್ಸನ್ನು ಎತ್ತುತ್ತದೆ, ನಿದ್ದೆ ಬರಿಸುತ್ತದೆ. ಲೆಂಪಿಯ ತಂಗಿ ಗಂಡ ಸತ್ತ ಮೇಲೆ ಅದರಿಂದಲೇ ಎದ್ದು ಕೂತಳಂತೆ.

ಗಂಜಿಯ ಬಟ್ಟಲಿನ ಪಕ್ಕ ಒಂದು ಇಟ್ಟೆ.

"ಏನಿದು?" ಎಂದ.

"ಗಂಜಿ ಜೊತೆ ತಿನ್ನೋದು. ಓಟ್ಸಲ್ಲಿರೋದೇ."

"ಓಟ್ಸಲ್ಲಿದ್ರೆ ಓಟ್ಸಲ್ಲೇ ಇರ್ಲಿ ಬಿಡು. ನಾನೇನು ಕುದುರೇನಾ?"

"ಕುದುರೆ ಆಗಿದ್ರೆ ಹೇಳಿದ ಮಾತು ಕೇಳ್ತಿದ್ದೆ. ತಿನ್ನು ವಿಲ್ಯೊ. ನಂಗೋಸ್ಕರ."

ಲೆಂಪಿ ಒಂದು ಮಾತು ಹೇಳಿದ್ದಳು, ಬೇರೆ ಔಷಧಿ ತಿನ್ನುತ್ತಿದ್ದರೆ ಕೇಳಿಕೋ ಎಂದು. ನಾನು ಕೇಳದೆ ಇರುವವಳೇ? ಕೇಳಿದೆ. "ಬೇರೆ ಏನಾದ್ರೂ ತಗೋತಿದೀಯಾ ನೀನು?"

"ಕಾಫಿ," ಎಂದ. "ಕಾಫಿ ಬಿಟ್ರೆ ಏನಿಲ್ಲ."

ನುಂಗಿದ. ಮೀನೆಣ್ಣೆ ಕುಡಿಯುವ ಮಗುವಿನ ಹಾಗೆ ಕಣ್ಣು ಮುಚ್ಚಿಕೊಂಡು ನುಂಗಿದ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಆ ರಾತ್ರಿ ನಿದ್ದೆ ಬಂತು. ಎಷ್ಟೋ ತಿಂಗಳಾದ ಮೇಲೆ.

ಹಾಲು ಮೂರನೆಯ ದಿನಕ್ಕೇ ಹುಳಿಯಾಗುತ್ತಿದೆ, ಫ್ರಿಜ್ ಹೋಗುವ ಕಾಲ ಬಂತು.

ಅಮ್ಮ


(ಅಂಚೆ ಕಾರ್ಡು, ಚಿತ್ರದಲ್ಲಿ ಹಳೆಯ ಕಡವಿನ ದೋಣಿ)

ಡಿಪೋ, 18 ನವೆಂಬರ್

ಔತಿ,

ಡಾಕ್ಟರು ಮಾತ್ರೆ ಜಾಸ್ತಿ ಮಾಡಿದರು, ಮೊದಲಿನದರ ಎರಡರಷ್ಟು. ಬೇರೇನಾದರೂ ತಿನ್ನುತ್ತೀರಾ ಎಂದರು. ಹೆಂಡತಿ ಮಾಡಿದ ಗಂಜಿ ಬಿಟ್ಟರೆ ಏನಿಲ್ಲ ಎಂದೆ. ನಕ್ಕರು. ಚೀಟಿಯನ್ನು ಓದಲಿಲ್ಲ, ಡಿಪೋ ಒಲೆಗೆ ಹಾಕಿದೆ, ಮುದುಕಿಯ ಕೈಗೆ ಸಿಕ್ಕಿದರೆ ಕಥೆ ಮುಗಿಯಿತು. ಮೊನ್ನೆ ಬೆಳಿಗ್ಗೆ ಒಂದು ಗಳಿಗೆ ಬೂಟು ಬರಿ ಬೂಟಾಗಿತ್ತು.

ಅಪ್ಪ


ಹಾಪಸಾಲ್ಮಿ
24 ನವೆಂಬರ್ 1998, ಮಂಗಳವಾರ

ಔತಿ,

ನೀನು ನಾನು ಬರೆದದ್ದಕ್ಕೆ ಉತ್ತರ ಹಾಕಲಿಲ್ಲ, ಪರವಾಗಿಲ್ಲ. ಅಪ್ಪನಿಗೆ ಮೈ ಸರಿಯಿಲ್ಲ. ಊರಲ್ಲೆಲ್ಲ ಫ್ಲೂ, ಡಿಪೋದಲ್ಲಿ ಅರ್ಧ ಜನ ಮಲಗಿದ್ದಾರೆ, ಅದೇ ತಗಲಿರಬೇಕು. ಆದರೆ ಮೂಗು ಸೋರುವುದಿಲ್ಲ, ಕೆಮ್ಮಿಲ್ಲ. ಬೆವರು. ಹೊರಗೆ ಇಷ್ಟು ಚಳಿ, ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ. ಕಾಫಿ ಲೋಟ ಹಿಡಿದರೆ ತಟ್ಟೆ ಕಟಕಟ ಸದ್ದು ಮಾಡುತ್ತದೆ. ಮಲಗಿದರೆ ಕಾಲುಗಳು ತಾವಾಗಿಯೇ ಎಗರುತ್ತವೆ, ನನಗೇ ಒದ್ದ. ಹೊಟ್ಟೆಯೂ ಕೆಟ್ಟಿದೆ. ಕಣ್ಣಿನ ಪಾಪೆ ಗೂಬೆಯದರ ಹಾಗೆ ದೊಡ್ಡದಾಗಿದೆ. ಕೂತಲ್ಲಿ ಕೂರುವುದಿಲ್ಲ, ನಡುಮನೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ನಡುಮನೆಗೆ.

ಆದರೂ ಒಂದು ಒಳ್ಳೆಯದಾಗಿದೆ. ಮಾತಾಡುತ್ತಾನೆ! ನಿನ್ನೆ ಗಂಜಿ ತಿನ್ನುತ್ತ, "ಹೆಲ್ಲೆವಿ, ನಿನ್ನ ಗುಳಿಗೆ ಕುದುರೇನ ಓಡಿಸ್ತಿದೆ ನೋಡು" ಎಂದ. ಹಾಗಾಗಿ ಅದು ಕೆಲಸ ಮಾಡುತ್ತಿದೆ ಎಂದು ಲೆಂಪಿಯೂ ಹೇಳಿದಳು. ಫ್ಲೂ ಇಲ್ಲದಿದ್ದರೆ ಎಷ್ಟು ಚೆನ್ನಾಗಿರುತ್ತಿದ್ದನೋ. ಮೈಗೆ ಬಲ ಬರಲಿ ಎಂದು ಈಗ ಬೆಳಿಗ್ಗೆ ಒಂದು, ಸಂಜೆ ಒಂದು ಕೊಡುತ್ತಿದ್ದೇನೆ.

ಡಾಕ್ಟರಿಗೆ ತೋರಿಸೋಣ ಎಂದರೆ, "ಅವ್ರ ಹತ್ರ ಯಾಕೆ, ಶನಿವಾರ ಬರ್ತಿದೆಯಲ್ಲ" ಎನ್ನುತ್ತಾನೆ. ಅದೂ ಸರಿಯೇ. ಸೌನಾಗೂ, ಮೈಗೆ ಹಚ್ಚುವ ಮರದ ಡಾಮರಿಗೂ, ಹೆಂಡಕ್ಕೂ ಬಗ್ಗದ ರೋಗ ಸಾವಿಗೇ ಬಗ್ಗುವುದು ಎಂದು ನನ್ನಜ್ಜಿ ಹೇಳುತ್ತಿದ್ದಳು. ಶನಿವಾರ ಮಧ್ಯಾಹ್ನದಿಂದಲೇ ಬೆಂಕಿ ಹಾಕಿ ಚೆನ್ನಾಗಿ ಕಾಯಿಸುತ್ತೇನೆ. ಬೇಸಿಗೆಯಲ್ಲಿ ಕಟ್ಟಿಟ್ಟ ಬರ್ಚ್ ಸೊಪ್ಪಿನ ಕಟ್ಟಿದೆ, ಅದರಿಂದ ಬೆನ್ನಿಗೆ ಹೊಡೆದು ಈ ಬೆವರನ್ನೆಲ್ಲ ಹೊರಗೆ ತೆಗೆಸಿಬಿಡುತ್ತೇನೆ.

ನೀನು ಬೆಚ್ಚಗಿರು. ಅಲ್ಲಿಯೂ ಫ್ಲೂ ಇರಬಹುದು.

ಅಮ್ಮ


ಗೋಥೆನ್‌ಬರ್ಗ್
13 ಡಿಸೆಂಬರ್ 1998

ಅಮ್ಮಾ,

ಅಪ್ಪನ ಮಣ್ಣಿಗೆ ಬಂದವಳು ನಿನ್ನ ಜೊತೆ ಮಾತೇ ಆಡದೆ ಬಸ್ಸು ಹತ್ತಿದೆ. ಚರ್ಚಿನ ಕಾಫಿ ಮೇಜಿನಲ್ಲಿ ನೀನು ನನ್ನ ತಟ್ಟೆಗೆ ಕೇಕಿನ ಎರಡನೆಯ ತುಂಡು ಹಾಕಿದೆ, ನಾನು ತಿಂದೆ, ಅಷ್ಟೇ ಆದದ್ದು ನಮ್ಮಿಬ್ಬರ ನಡುವೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಓದುವಾಗ ಕೂತುಕೋ.

ಅಪ್ಪನ ಕೋಟಿನ ಜೇಬಿನಲ್ಲಿ ಖಿನ್ನತೆಯ ಮಾತ್ರೆಗಳು ಸಿಕ್ಕವು ಎಂದು ಆಸ್ಪತ್ರೆಯವರು ನಿನಗೆ ಹೇಳಿದರು. ಆ ಮಾತ್ರೆ, ಗಂಜಿಯ ಗುಳಿಗೆ ಎರಡೂ ಒಂದೇ ಕಡೆಗೆ ಎಳೆದವು, ಮೈ ಒಳಗಿನಿಂದ ಕಾದುಹೋಯಿತು ಎಂದರು. ಲೆಂಪಿ ಅಳುತ್ತ, "ಯಾರಿಗೂ ಗೊತ್ತಿರ್ಲಿಲ್ಲ, ಯಾರಿಗೂ ಗೊತ್ತಿರ್ಲಿಲ್ಲ" ಎಂದು ಎಲ್ಲರ ಕೈ ಹಿಡಿದು ಹೇಳುತ್ತಿದ್ದಳು. ನೀನು ತಲೆಯಾಡಿಸುತ್ತಿದ್ದೆ. ನಾನು ಪಕ್ಕದಲ್ಲೇ ನಿಂತಿದ್ದೆ.

ನನಗೆ ಗೊತ್ತಿತ್ತು ಅಮ್ಮ. ಮಾತ್ರೆ ನನಗೆ ಗೊತ್ತಿತ್ತು. ಡಾಕ್ಟರ ಹತ್ತಿರ ಹೋಗು ಎಂದು ಬೇಸಿಗೆಯಲ್ಲಿ ಅವನ ಬೆನ್ನು ಹತ್ತಿದವಳು ನಾನೇ, ಯಾಕೆಂದರೆ ನಾನೂ ಅದನ್ನೇ ತಿಂದು ಎದ್ದಿದ್ದೆ. ಹೋದ ವರ್ಷ ಕ್ರಿಸ್ಮಸ್ಸಿಗೆ ಬಾರದೆ ಕೆಲಸ ಎಂದು ಹೇಳಿದ್ದು ಸುಳ್ಳು. ಎದ್ದು ರೈಲು ನಿಲ್ದಾಣದವರೆಗೆ ಹೋಗಲು ಆಗಿರಲಿಲ್ಲ. ನಿನಗೆ ಹೇಳಲಿಲ್ಲ. ನಿನಗೆ ಯಾರೂ ಏನೂ ಹೇಳುವುದಿಲ್ಲ, ನೀನು ಹೆದರುತ್ತೀಯ ಎಂದು.

ಗುಳಿಗೆಯೂ ನನಗೆ ಗೊತ್ತಿತ್ತು. ನೀನು ಬರೆದಿದ್ದೆ. ಅಪ್ಪಂದಿರ ದಿನದ ಕಾಗದದಲ್ಲಿ, ಮಂಜು, ಕಡವೆ, ಕಾಲುಚೀಲ, ನಿನ್ನ ಬೆರಳು, ಇವುಗಳ ನಡುವೆ ಎಲ್ಲೋ. ನಾನು ಆ ಕಾಗದವನ್ನು ಬಸ್ಸಿನಲ್ಲಿ ನಿಂತು ಓದಿದೆ. ಓದಿದೆ ಎನ್ನುವುದೂ ಸುಳ್ಳು. ಮೇಲಿನ ಸಾಲು, ಕೆಳಗಿನ ಸಾಲು, ಫ್ರಿಜ್. ಕಡವೆ ಬಂದ ಕೂಡಲೇ ಕಣ್ಣು ಹಾರಿಸಿದೆ. ನಿನ್ನ ಕಾಗದಗಳನ್ನು ನಾನು ಹಾಗೇ ಓದುವುದು.

ಆ ಶನಿವಾರ ಕೆಲಸದಿಂದ ಬಂದು ನಿನ್ನ ಕೊನೆಯ ಕಾಗದ ಒಡೆದೆ. ಬೆವರು, ನಡುಕ, ಕಾಲು ಎಗರುವುದು. ಅಪ್ಪನ ಕಾರ್ಡು ಕನ್ನಡಿಗೆ ಸಿಕ್ಕಿಸಿದ್ದೆ, ಮಾತ್ರೆ ಜಾಸ್ತಿ ಮಾಡಿದರು ಎಂದು. "ನಿನ್ನ ಗುಳಿಗೆ" ಎಂದರೆ ಯಾವ ಗುಳಿಗೆ? ಹಳೆಯ ಕಾಗದ ಹುಡುಕಿ ತೆಗೆದೆ. ಆ ಹೆಸರು ಕಂಡಿತು. ನನ್ನ ಮಾತ್ರೆಯ ಡಬ್ಬದ ಚೀಟಿ ಇನ್ನೂ ಮೇಜಿನ ಖಾನೆಯಲ್ಲಿತ್ತು. ಅದರಲ್ಲಿ ಆ ಹೆಸರೇ ಇದೆ ಅಮ್ಮ. ಜೊತೆಯಲ್ಲಿ ತೆಗೆದುಕೊಳ್ಳಬೇಡಿ ಎಂದು, ಬೆವರು, ನಡುಕ ಬಂದರೆ ಕೂಡಲೇ ಆಸ್ಪತ್ರೆಗೆ ಎಂದು, ಅಚ್ಚಾಗಿದೆ.

ಫೋನ್ ಮಾಡಿದೆ. ಸಂಜೆಯಾಗಿತ್ತು. ರಿಂಗಾಗುತ್ತಲೇ ಇತ್ತು. ಇಟ್ಟು ಮತ್ತೆ ಮಾಡಿದೆ. ಲೆಂಪಿಯ ಮನೆಗೆ ಮಾಡಿದೆ, ಅವರೂ ಎತ್ತಲಿಲ್ಲ. ಶನಿವಾರ ಆ ಹೊತ್ತಿಗೆ ಇಡೀ ಊರು ಎಲ್ಲಿರುತ್ತದೆ ಎಂದು ನನಗೆ ಗೊತ್ತಿರಬೇಕಿತ್ತು. ಗೊತ್ತಾದ ಮೇಲೂ ರಿಂಗ್ ಮಾಡುತ್ತಲೇ ಇದ್ದೆ. ಕೊನೆಗೆ ಅಲ್ಲಿಯ ಆಂಬುಲೆನ್ಸಿನವರನ್ನು ಹಿಡಿಯುವ ಹೊತ್ತಿಗೆ, ನೀನೇ ಕರೆದಾಗಿದೆ ಎಂದರು.

ಇನ್ನೇನು ಬರೆಯಲಿ. ಭಾಷೆ ಕೊಟ್ಟಿದ್ದೆ, ಉಳಿಸಿಕೊಂಡೆ.

ಔತಿ


ಹಾಪಸಾಲ್ಮಿ
20 ಡಿಸೆಂಬರ್ 1998

ಔತಿ ಮಗಳೇ,

ಕೂತು ಓದಿದೆ. ಆಮೇಲೆ ನಿಂತು ಓದಿದೆ. ನಿನ್ನ ಮೇಲೆ ಸಿಟ್ಟಿಲ್ಲ ಎಂದು ಮೊದಲ ಸಾಲು ಬರೆದು ಹೊಡೆದುಹಾಕಿದ್ದೇನೆ, ಮೇಲೆ ನೋಡಿದರೆ ಮಸಿ ಕಾಣುತ್ತದೆ. ಸುಳ್ಳು ಎಂದು ಹೊಡೆದುಹಾಕಿದ್ದಲ್ಲ. ನಿಜ ಎಂದು ಬಿಡಲೂ ಆಗಲಿಲ್ಲ.

ನೀನು ಹಾಸಿಗೆಯಿಂದ ಏಳಲಾಗದೆ ಬಿದ್ದಿದ್ದೆ, ನಾನಿಲ್ಲಿ ನಿನ್ನ ಸೈಕಲ್ ದೀಪಕ್ಕೆ ಹೆದರುತ್ತಿದ್ದೆ.

ಆ ಫೋನು ನನಗೆ ಕೇಳಿಸಿತು, ಔತಿ. ಅದನ್ನು ನಿನಗೆ ಹೇಳಲೇಬೇಕು, ಇಲ್ಲದಿದ್ದರೆ ಅದು ನನ್ನೊಳಗೇ ರಿಂಗಾಗುತ್ತಿರುತ್ತದೆ.

ನಾವು ಒಳಗೆ ಹೋಗಿ ಸ್ವಲ್ಪ ಹೊತ್ತಾಗಿತ್ತು. ಅಪ್ಪ ಮೇಲಿನ ಹಲಗೆಯ ಮೇಲೆ ಕೂತಿದ್ದ. ಮೊಣಕಾಲು ಹಲಗೆಗೆ ಬಡಿದು ಬಡಿದು ಸದ್ದಾಗುತ್ತಿತ್ತು. "ಸಾಕು ಹೆಲ್ಲೆವಿ, ತುಂಬಾ ಬಿಸಿ, ಕೆಳಗಿಳಿತೀನಿ" ಎಂದ. ಜೀವಮಾನದಲ್ಲಿ ಅವನು ಬಿಸಿ ಎಂದವನಲ್ಲ. ನಾನು ಎಂದೆ, "ಇಳೀಬೇಡ, ಈಗ ತಾನೇ ಬೆವರು ಸರಿಯಾಗಿ ಬರ್ತಿದೆ. ಇನ್ನೊಂದು ಸೌಟು ಹಾಕ್ತೀನಿ, ಆಮೇಲೆ ಇಳಿ." ಹಾಕಿದೆ. ಕೂತ. ಹೇಳಿದ ಮಾತು ಕೇಳಿದ.

ಬಕೆಟ್ಟಿಗೆ ಹಿಮ ತುಂಬಿಕೊಳ್ಳಲು ಬಾಗಿಲು ತೆರೆದಾಗ ಮನೆಯ ಕಡೆಯಿಂದ ಸದ್ದು ಕೇಳಿಸಿತು. "ಫೋನು," ಎಂದೆ. "ಯಾರೋ ಬಿಡ್ತಾನೇ ಇಲ್ಲ. ಹೋಗಿ ನೋಡ್ಲಾ? ಏನಾಗಿದೆಯೋ ಏನೋ."

ಅಪ್ಪ ನಕ್ಕ. ಹಲ್ಲು ಕಟಕಟ ಎನ್ನುತ್ತಿತ್ತು, ಆದರೂ ನಕ್ಕ. "ಬಾಗ್ಲು ಹಾಕು ಮುದುಕಿ, ಹಬೆ ಹೋಗತ್ತೆ. ಶನಿವಾರ ಸೌನಾ ಹೊತ್ತಲ್ಲಿ ಫೋನ್ ಮಾಡೋರು ಮನುಷ್ಯರೇ ಅಲ್ಲ. ಸ್ವೀಡನ್ನೋರೇ ಇರ್ಬೇಕು."

ನಾನೂ ನಕ್ಕೆ. ಅವನು ಹಾಸ್ಯ ಮಾಡಿ ಎಷ್ಟು ಕಾಲವಾಗಿತ್ತು. ಯಾವ ಫೋನು ರಿಂಗಾದರೂ ಓಡುವವಳು ನಾನು, ಆವತ್ತು ಒಂದು ದಿನ ಓಡಲಿಲ್ಲ. ಗಂಡ ನಗುತ್ತಿದ್ದಾನೆ, ಈಗ ಹಬೆ ಹೋಗಬಾರದು ಎಂದು ಬಾಗಿಲು ಹಾಕಿದೆ.

ಆಮೇಲೆ ಅವನು ಮಾತಾಡಲಿಲ್ಲ. ಕಾಲು ಬಡಿಯುವುದು ನಿಂತಿತು. ಮೈ ಸಡಿಲವಾಯಿತು ಎಂದುಕೊಂಡೆ. ಬರ್ಚ್ ಸೊಪ್ಪು ತೆಗೆದುಕೊಂಡು ಬೆನ್ನಿಗೆ ಹೊಡೆಯಲು ಹೋದಾಗ ಬೆನ್ನು ಹಲಗೆಯ ಹಾಗೆ ಬಿಗಿದಿತ್ತು. ಬೆಂಕಿ ಮುಟ್ಟಿದ ಹಾಗೆ ಸುಡುತ್ತಿತ್ತು, ಸೌನಾಗಿಂತ ಬಿಸಿ. ಎಳೆದುಕೊಂಡು ಹೊರಗೆ ತಂದು ಹಿಮದ ಮೇಲೆ ಮಲಗಿಸಿದೆ. ಮೈ ಕೆಳಗೆ ಹಿಮ ಕರಗಿ ಮನುಷ್ಯನ ಆಕಾರ ಆಯಿತು. ಅದು ಎಷ್ಟೋ ದಿನ ಹಾಗೇ ಇತ್ತು ಅಂಗಳದಲ್ಲಿ, ಗಟ್ಟಿಯಾಗಿ. ಹೊಸ ಹಿಮ ಬೀಳುವವರೆಗೆ ನಾನು ಆ ಕಡೆಯ ಪರದೆ ತೆಗೆಯಲಿಲ್ಲ.

ಹುಟ್ಟಿದ್ದು ಅಲ್ಲೇ, ಮುಗಿದದ್ದೂ ಅಲ್ಲೇ.

ನಾನು ಮಂಜಿಗೆ ಹೆದರಿದೆ, ಕೊಳವೆಗೆ ಹೆದರಿದೆ, ಬಂದೂಕಿಗೂ ಹಗ್ಗಕ್ಕೂ ಹೆದರಿದೆ. ಬಂದೂಕನ್ನು ಸೆಪ್ಟೆಂಬರಿನಲ್ಲೇ ಲೆಂಪಿಯ ಮನೆಯ ನೆಲಮಾಳಿಗೆಗೆ ಸಾಗಿಸಿದ್ದೆ, ನಿನಗೆ ಗೊತ್ತಿಲ್ಲ. ಲೋಕದಲ್ಲಿ ಇರುವುದಕ್ಕೆಲ್ಲ ಹೆದರಿದವಳು ನಾನು. ಗಂಜಿಯ ಪಕ್ಕ ನನ್ನ ಕೈಯಾರೆ ಇಟ್ಟದ್ದೊಂದಕ್ಕೆ ಹೆದರಲಿಲ್ಲ. ಅದೊಂದನ್ನು ನೋಡಿ ನಿದ್ದೆ ಮಾಡಿದೆ.

ಅವನು ಕಾಫಿ ಎಂದ. ಡಾಕ್ಟರಿಗೆ ಗಂಜಿ ಎಂದನಂತೆ, ಆಸ್ಪತ್ರೆಯ ನರ್ಸು ನನಗೆ ಹೇಳಿದಳು. ಎರಡು ಕಡೆಯೂ ನಗಿಸಿ ಬಂದಿದ್ದಾನೆ. ದೋಣಿಯ ಮೇಲೂ ಹಾಗೇ ಅಲ್ಲವೇ, ಈ ದಡದವರಿಗೊಂದು ಆ ದಡದವರಿಗೊಂದು.

ಕ್ರಿಸ್ಮಸ್ಸಿಗೆ ಬರುತ್ತೀಯಾ? ಬರದಿದ್ದರೆ ಪರವಾಗಿಲ್ಲ. ಬಂದರೆ ಎಲ್ಲಿಯಾದರೂ ಕೂತು ಬಾ, ಡ್ರೈವರನ ಹಿಂದೆ ಕೂತರೂ ಸರಿ.

ಅಮ್ಮ


ಹಾಪಸಾಲ್ಮಿ
31 ಜನವರಿ 1999, ಭಾನುವಾರ

ಔತಿ,

ನೀನು ಬರಲಿಲ್ಲ. ಬರೆಯಲೂ ಇಲ್ಲ. ಇದು ಮೂರನೆಯದು ನಾನು ಹಾಕುತ್ತಿರುವುದು, ಮೊದಲಿನ ಎರಡು ತಲುಪಿದವೋ ಇಲ್ಲವೋ. ತಲುಪಿರುತ್ತವೆ. ಅಂಚೆಯವರು ಕದಿಯುವುದಿಲ್ಲ, ನನಗೆ ಗೊತ್ತು.

ಇದರಲ್ಲಿ ಕಡವೆ ಇಲ್ಲ, ಫ್ರಿಜ್ ಇಲ್ಲ. ಒಂದೇ ವಿಷಯ ಬರೆಯುತ್ತೇನೆ, ನಿನಗೆ ಕಣ್ಣು ಹಾರಿಸುವ ಹಾಗಿರಬಾರದು ಎಂದು.

ಲೆಂಪಿ ಈಗ ಒಳಗೆ ಬರುವುದಿಲ್ಲ. ಜಗಲಿಯ ಮೇಲೆ ರೈ ರೊಟ್ಟಿ ಇಟ್ಟು ಬಾಗಿಲು ತಟ್ಟದೆ ಹೋಗುತ್ತಾಳೆ. ನಾನೂ ಕಿಟಕಿಯಿಂದ ಹಿಂದೆ ಸರಿದು ನಿಲ್ಲುತ್ತೇನೆ, ಅವಳಿಗೆ ಕಾಣದ ಹಾಗೆ. ನಮ್ಮ ಸೌನಾಗೆ ಬಂದು ಸ್ನಾನ ಮಾಡು ಎಂದು ರೊಟ್ಟಿಯ ಜೊತೆ ಒಮ್ಮೆ ಬರೆದಿಟ್ಟಿದ್ದಳು. ನಾನು ಹೋಗಲಿಲ್ಲ. ನಮ್ಮದರ ಬಾಗಿಲಿಗೆ ಹಿಮ ಎದೆಯೆತ್ತರ ಕೂತಿದೆ, ಬಾಚಿಲ್ಲ. ಅಡಿಗೆಮನೆಯಲ್ಲಿ ಕೆಟಲಿನಲ್ಲಿ ನೀರು ಕಾಯಿಸಿ ಮೈ ಒರೆಸಿಕೊಳ್ಳುತ್ತೇನೆ. ಬೆಳಿಗ್ಗೆ ಗಂಜಿ ಮಾಡಿದರೆ ಇಬ್ಬರಿಗಾಗುವಷ್ಟು ಆಗಿಬಿಡುತ್ತದೆ.

ನಾನು ಈಗ ಹೆದರುವುದಿಲ್ಲ. ನಂಬು. ಹೆದರಲು ಏನಾದರೂ ಉಳಿದಿರಬೇಕಲ್ಲ. ನೀನೊಬ್ಬಳು ಉಳಿದಿದ್ದೀಯ, ನಿನ್ನ ವಿಷಯಕ್ಕೆ ಹೆದರುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ನೀನು ಮತ್ತೆ ಮಲಗಿದ್ದೀಯಾ? ಬೂಟು ಮತ್ತೆ ಗುಡ್ಡವಾಗಿದೆಯಾ? ಮಾತ್ರೆ ತಿನ್ನುತ್ತಿದ್ದರೆ ತಿನ್ನು ಮಗಳೇ, ಬಿಡಬೇಡ. ನಾನು ಯಾವುದನ್ನೂ ಕಳಿಸುವುದಿಲ್ಲ. ಕಾಲುಚೀಲವನ್ನೂ ಕಳಿಸುವುದಿಲ್ಲ.

ಬರೆಯಲು ಆಗದಿದ್ದರೆ ಬರೆಯಬೇಡ. ಫೋನ್ ಮಾಡಬೇಡ ಎಂದವಳು ನೀನು, ನಾನು ಮಾಡುವುದಿಲ್ಲ. ಆದರೆ ನೀನು ಮಾಡಬಹುದಲ್ಲ. ಶನಿವಾರ ಸಂಜೆ, ಊರೆಲ್ಲ ಸೌನಾದಲ್ಲಿರುವ ಹೊತ್ತಿಗೆ, ನಾನು ನಡುಮನೆಯಲ್ಲಿ ಫೋನಿನ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತೇನೆ. ಎಲ್ಲಿಗೂ ಹೋಗುವುದಿಲ್ಲ. ಹೋದ ಶನಿವಾರಗಳಲ್ಲೂ ಅಲ್ಲೇ ಕೂತಿದ್ದೆ.

ನೀನು ಮಾತಾಡಬೇಕಾಗಿಲ್ಲ. ಸುಮ್ಮನೆ ರಿಂಗ್ ಮಾಡು, ಇದ್ದೀಯ ಎಂದು ಗೊತ್ತಾದರೆ ಸಾಕು. ನಾನು ಎತ್ತಿ ಕಿವಿಗೆ ಇಟ್ಟುಕೊಳ್ಳುತ್ತೇನೆ. ಏನಾಯಿತು ಎಂದು ಕೇಳುವುದಿಲ್ಲ. ನಿನಗೆ ಕೇಳಿಸದ ಹಾಗೆ ಉಸಿರು ಬಿಗಿಹಿಡಿದಿರುತ್ತೇನೆ.

ಅಮ್ಮ